ಪುಟ್ಟ ನಾಯಿಗೆ ದೊಡ್ಡ ಹೊರೆ: ಒಂದು ಬಿಸ್ಕತ್ತಿನ ಲೆಕ್ಕಾಚಾರ

ಬೆಳಗಿನ ಕಾಫಿಯ ಹೊತ್ತು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಬಾಯಿಗೆ ಸೇರುವ ಮೊದಲೇ ಕಾಲಬುಡದಲ್ಲಿ ಎರಡು ಕಣ್ಣುಗಳು ಕಾಯುತ್ತಿರುತ್ತವೆ. ಒಂದನ್ನಾದರೂ ಕೊಡದಿದ್ದರೆ ಮನಸ್ಸು ಒಪ್ಪುವುದಿಲ್ಲ. ನಾಯಿ ಸಾಕಿದ ಮನೆಗಳಲ್ಲಿ ಇದು ನಿತ್ಯದ ದೃಶ್ಯ. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರೂ ಕೊಡುತ್ತಾರೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ, ಮೆಟ್ಟಿಲುಗಳನ್ನು ಹಾರಿ ಏರುತ್ತಿದ್ದ ನಾಯಿ ನಡುವೆಯೇ ನಿಂತು ಏದುಸಿರು ಬಿಡತೊಡಗುತ್ತದೆ. ‘ವಯಸ್ಸಾಯಿತು ಪಾಪ’ ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಅನೇಕ ಸಂದರ್ಭಗಳಲ್ಲಿ ಕಾರಣ ವಯಸ್ಸಲ್ಲ, ತೂಕ.

ಊಟದ ತಟ್ಟೆಗೆ ಹಾಕಿದ್ದಕ್ಕೆ ಲೆಕ್ಕವಿಡುವವರೂ ಕೈಯಿಂದ ಕೊಟ್ಟದ್ದಕ್ಕೆ ಲೆಕ್ಕವಿಡುವುದಿಲ್ಲ. ಸಣ್ಣ ನಾಯಿಗಳು ದಪ್ಪಗಾಗುವುದರಲ್ಲಿ ಈ ಮರೆವಿನ ಪಾಲು ದೊಡ್ಡದು.

ತುಂಡು ಚಿಕ್ಕದು, ಪಾಲು ದೊಡ್ಡದು

ನಾಯಿಗೆ ಎಷ್ಟು ಆಹಾರ ಬೇಕೆಂದು ಅಂದಾಜು ಮಾಡಲು ಪಶುವೈದ್ಯರು ಒಂದು ಸೂತ್ರ ಬಳಸುತ್ತಾರೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾಗುವ ಕನಿಷ್ಠ ಶಕ್ತಿಯನ್ನು ಮೊದಲು ಕಂಡುಕೊಂಡು, ವಯಸ್ಸು ಹಾಗೂ ಚಟುವಟಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸಲಾಗುತ್ತದೆ. ಈ ಲೆಕ್ಕದಲ್ಲಿ 5 ಕೆ.ಜಿ. ತೂಗುವ ನಾಯಿಯ ಕನಿಷ್ಠ ಅಗತ್ಯ ದಿನಕ್ಕೆ ಸುಮಾರು 235 ಕ್ಯಾಲೊರಿ. ಸಂತಾನಶಕ್ತಿಹರಣ ಚಿಕಿತ್ಸೆಯಾಗಿ ಹೆಚ್ಚು ಹೊತ್ತು ಮನೆಯೊಳಗೇ ಇರುವ ವಯಸ್ಕ ನಾಯಿಗೆ ಇಡೀ ದಿನಕ್ಕೆ 300ರಿಂದ 370 ಕ್ಯಾಲೊರಿ ಸಾಕು.

ಈಗ ಬಿಸ್ಕತ್ತಿನ ಕಡೆ ನೋಡೋಣ. ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಸುಮಾರು 20 ಕ್ಯಾಲೊರಿ. ನಾಲ್ವರು ಒಂದೊಂದು ಕೊಟ್ಟರೆ 80. ರಾತ್ರಿ ಊಟದ ವೇಳೆ ಅರ್ಧ ಚಪಾತಿ ಕೊಟ್ಟರೆ ಇನ್ನು 50ರಿಂದ 60. ಅದಕ್ಕೆ ಒಂದು ಟೀ ಚಮಚ ತುಪ್ಪ ಸವರಿದರೆ ಮತ್ತೆ 45. ‘ಏನೂ ತಿನ್ನಿಸಿಲ್ಲ’ ಎಂದುಕೊಂಡ ದಿನವೂ 180 ಕ್ಯಾಲೊರಿ ಒಳಗೆ ಹೋಗಿರುತ್ತದೆ. ಅಂದರೆ ದಿನದ ಅಗತ್ಯದ ಸರಿಸುಮಾರು ಅರ್ಧ. ಇದರ ಮೇಲೆ ಎರಡು ಹೊತ್ತಿನ ಪೂರ್ತಿ ಊಟ ಬೇರೆ.

ಮನುಷ್ಯನಿಗೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವ ವ್ಯಕ್ತಿಗೆ ಆರು ಬಿಸ್ಕತ್ತು ಹೇಗೋ, 5 ಕೆ.ಜಿ. ನಾಯಿಗೆ ಒಂದು ಬಿಸ್ಕತ್ತು ಹಾಗೆ. 60 ಕೆ.ಜಿ. ಇರುವವರು 12 ಕೆ.ಜಿ. ಹೆಚ್ಚಿದರೆ ಊರೆಲ್ಲ ಗಮನಿಸುತ್ತದೆ. 5 ಕೆ.ಜಿ. ನಾಯಿ ಒಂದೇ ಒಂದು ಕೆ.ಜಿ. ಹೆಚ್ಚಿದರೂ ಅದು ಅಷ್ಟೇ ಪ್ರಮಾಣದ ಏರಿಕೆ. ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಯುಷ್ಯದ ಪ್ರಶ್ನೆ

‘ದುಂಡಗಿದ್ದರೆ ಚೆಂದ’ ಎಂಬ ಭಾವನೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಕೊನೆಯವರೆಗೂ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿಯಾಗಿಸಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ನೀಡಲಾಗಿತ್ತು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದರೆ, ಹೆಚ್ಚು ತಿಂದವು ಬದುಕಿದ್ದು ಸುಮಾರು 11 ವರ್ಷ. ಕೀಲುಬೇನೆಯೂ ಕಡಿಮೆ ತಿಂದ ಗುಂಪಿನಲ್ಲಿ ತಡವಾಗಿ ಕಾಣಿಸಿಕೊಂಡಿತು.

12 ತಳಿಗಳ 50 ಸಾವಿರಕ್ಕೂ ಹೆಚ್ಚು ನಾಯಿಗಳ ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹನ್ನೆರಡೂ ತಳಿಗಳಲ್ಲಿ ಅಧಿಕ ತೂಕದ ನಾಯಿಗಳ ಆಯುಷ್ಯ ಕಡಿಮೆಯಿತ್ತು. ದೊಡ್ಡ ಗಾತ್ರದ ಜರ್ಮನ್ ಶೆಫರ್ಡ್ ಗಂಡು ನಾಯಿಗಳಲ್ಲಿ ಈ ನಷ್ಟ ಸುಮಾರು ಐದು ತಿಂಗಳಾದರೆ, ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಸುಮಾರು ಎರಡೂವರೆ ವರ್ಷ.

ಆಯುಷ್ಯದ ಜತೆಗೆ ನಿತ್ಯದ ಕಷ್ಟಗಳೂ ಇವೆ. ಪೊಮೇರಿಯನ್‌ನಂಥ ತಳಿಗಳಲ್ಲಿ ಶ್ವಾಸನಾಳ ಕುಗ್ಗಿ ಕೆಮ್ಮು ಬರುವ ತೊಂದರೆಯನ್ನು ಬೊಜ್ಜು ಉಲ್ಬಣಗೊಳಿಸುತ್ತದೆ. ಚಪ್ಪಟೆ ಮೂಗಿನ ಪಗ್‌ಗೆ ಮೊದಲೇ ಕಷ್ಟವಾದ ಉಸಿರಾಟ ಮತ್ತಷ್ಟು ಕಷ್ಟವಾಗುತ್ತದೆ. ಉದ್ದ ಬೆನ್ನಿನ ಡ್ಯಾಷ್‌ಹಂಡ್‌ನ ಬೆನ್ನೆಲುಬಿನ ಮೇಲೆ ಹೊರೆ ಬೀಳುತ್ತದೆ. ಸಣ್ಣ ನಾಯಿಗಳಲ್ಲಿ ಸಾಮಾನ್ಯವಾದ, ಮಂಡಿಚಿಪ್ಪು ಜಾರುವ ಸಮಸ್ಯೆಯೂ ಹೆಚ್ಚಿನ ನೋವು ಕೊಡುತ್ತದೆ.

ಸರಿಯಾದ ತೂಕ ಯಾವುದು?

ಇಲ್ಲೊಂದು ಗೊಂದಲವಿದೆ. ನಮ್ಮಲ್ಲಿ ‘ಪೊಮೇರಿಯನ್’ ಎಂದು ಕರೆಯಲಾಗುವ ಬಿಳಿ ನಾಯಿಗಳಲ್ಲಿ ಬಹುಪಾಲು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ತಳಿಯವು. 1994ರ ‘ಹಮ್ ಆಪ್ಕೆ ಹೈ ಕೌನ್’ ಹಿಂದಿ ಚಿತ್ರದ ಟಫಿ ಈ ತಳಿಯದೇ. ಅಸಲಿ ಪೊಮೇರಿಯನ್ ಎರಡು ಮೂರು ಕೆ.ಜಿ. ಮೀರುವುದು ಕಡಿಮೆ, ಸ್ಪಿಟ್ಜ್‌ನ ಸಣ್ಣ ಬಗೆಯೇ 5ರಿಂದ 7 ಕೆ.ಜಿ. ತೂಗುತ್ತದೆ. ಆದ್ದರಿಂದ ಪೊಮೇರಿಯನ್‌ನ ತೂಕದ ಪಟ್ಟಿ ನೋಡಿ ಸ್ಪಿಟ್ಜ್‌ಗೆ ಉಪವಾಸ ಹಾಕುವುದೂ ತಪ್ಪು, ಪಟ್ಟಿ ಹೊಂದುವುದಿಲ್ಲವೆಂದು ತೂಕವನ್ನೇ ಅಲಕ್ಷಿಸುವುದೂ ತಪ್ಪು.

ಪಟ್ಟಿಗಿಂತ ಕೈಯನ್ನು ನಂಬುವುದು ಲೇಸು. ಬೆರಳುಗಳನ್ನು ನೇರವಾಗಿ ಚಾಚಿ ಅಂಗೈಯ ಹಿಂಭಾಗವನ್ನು ಸವರಿದಾಗ ಚರ್ಮದ ಕೆಳಗೆ ಮೂಳೆಗಳು ತಿಳಿಯುತ್ತವೆ. ನಾಯಿಯ ಪಕ್ಕೆಲುಬುಗಳೂ ಹಾಗೆಯೇ ಕೈಗೆ ಸಿಕ್ಕಿದರೆ ತೂಕ ಸರಿಯಿದೆ. ಮುಷ್ಟಿಯ ಗೆಣ್ಣುಗಳಂತೆ ಉಬ್ಬಿದ್ದರೆ ನಾಯಿ ಸೊರಗಿದೆ. ಅಂಗೈಯ ಒಳಭಾಗದಂತೆ ಒತ್ತಿ ಹುಡುಕಬೇಕಾದರೆ ಬೊಜ್ಜು ಬಂದಿದೆ. ಮೇಲಿನಿಂದ ನೋಡಿದಾಗ ಸೊಂಟ ಒಳಗೆ ಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಮೇಲಕ್ಕೆ ಎಳೆದಂತಿರಬೇಕು. ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣು ಮೋಸಹೋಗುವುದರಿಂದ ಮುಟ್ಟಿ ನೋಡುವುದು ಅಗತ್ಯ.

ಕೊಡಬಹುದಾದ ತಿನಿಸುಗಳು

ಊಟದ ಹೊರತಾದ ತಿನಿಸು ದಿನದ ಒಟ್ಟು ಕ್ಯಾಲೊರಿಯ ಶೇ 10ನ್ನು ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. 5 ಕೆ.ಜಿ. ನಾಯಿಗೆ ಅದು 30 ಕ್ಯಾಲೊರಿಯ ಆಸುಪಾಸು. ಇಷ್ಟರಲ್ಲಿ ಬಿಸ್ಕತ್ತು ಒಂದೂವರೆ ಸಿಗುತ್ತದೆ. ಸೌತೆಕಾಯಿಯಾದರೆ ಹೆಚ್ಚುಕಡಿಮೆ 200 ಗ್ರಾಂ ಸಿಗುತ್ತದೆ. ಅಷ್ಟನ್ನು ಯಾವ ಪುಟ್ಟ ನಾಯಿಗೂ ತಿನ್ನಿಸಬೇಕಾಗಿಲ್ಲ. ಆದರೆ ಆಯ್ಕೆ ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ.

ಸೌತೆಕಾಯಿ, ಉಪ್ಪು ಒಗ್ಗರಣೆಯಿಲ್ಲದೆ ಬೇಯಿಸಿದ ಬೀನ್ಸ್, ಸಿಹಿಗುಂಬಳ, ಕ್ಯಾರೆಟ್ ಉತ್ತಮ ತಿನಿಸುಗಳು. ಹತ್ತು ಗ್ರಾಂ ಕ್ಯಾರೆಟ್‌ನಲ್ಲಿ ಇರುವುದು ನಾಲ್ಕೇ ಕ್ಯಾಲೊರಿ. ಬೀಜ ತೆಗೆದ ಕಲ್ಲಂಗಡಿ, ಸೇಬು, ಪರಂಗಿ ಹಣ್ಣಿನ ಒಂದೆರಡು ಹೋಳುಗಳೂ ಆಗಬಹುದು. ಮಾಂಸಾಹಾರದ ಮನೆಗಳಲ್ಲಿ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ ಎದೆಮಾಂಸದ ಚೂರು ಚೆನ್ನ. ಯಾವುದೇ ಆದರೂ ಕಡಲೆಕಾಳಿನಷ್ಟು ಸಣ್ಣದಾಗಿ ಹೆಚ್ಚಿ ಕೊಡಬೇಕು. ಸಣ್ಣ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇಲ್ಲ, ಹತ್ತು ಬಾರಿ ಕೊಟ್ಟ ಸಂತೋಷವೂ ಉಳಿಯುತ್ತದೆ.

ಕೊಡಬಾರದವು

ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವ ಪದಾರ್ಥಗಳು ಹಲವಿವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಇತ್ತೀಚೆಗೆ ತಜ್ಞರು ಗುರುತಿಸಿದ್ದಾರೆ. ಇದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳಲ್ಲಿ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು 2022ರಲ್ಲಿ ವರದಿಯಾದವು. ಈರುಳ್ಳಿ, ಹುಣಸೆ ಎರಡೂ ಸೇರಿದ ಸಾಂಬಾರನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕುವವರು ಇದನ್ನು ಗಮನಿಸಬೇಕು.

ಚಾಕೊಲೇಟ್ ಕೂಡದು. ‘ಶುಗರ್ ಫ್ರೀ’ ಎಂಬ ಹೆಸರಿನ ಚ್ಯೂಯಿಂಗ್ ಗಮ್, ಸಿಹಿತಿನಿಸುಗಳಲ್ಲಿ ಕೆಲವೊಮ್ಮೆ ಬಳಸುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಕುಸಿಯುವಂತೆ ಮಾಡುತ್ತದೆ. ಸಣ್ಣ ದೇಹಕ್ಕೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ಕರಿದ ತಿಂಡಿಗಳು ತೂಕ ಹೆಚ್ಚಿಸುವುದಲ್ಲದೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೂ ದಾರಿಯಾಗಬಲ್ಲವು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುವ ಭಯವಿದೆ.

ಅವಸರ ಸಲ್ಲದು

ತೂಕ ಇಳಿಸುವ ಮೊದಲು ಪಶುವೈದ್ಯರನ್ನು ಕಾಣಬೇಕು. ಥೈರಾಯ್ಡ್ ಕೊರತೆ, ಕುಷಿಂಗ್ಸ್ ಕಾಯಿಲೆ, ಸ್ಟೀರಾಯ್ಡ್ ಔಷಧಗಳಿಂದಲೂ ನಾಯಿ ದಪ್ಪಗಾಗಬಹುದು. ರೋಗವಿಲ್ಲವೆಂದು ಖಚಿತವಾದ ಮೇಲೆ ವಾರಕ್ಕೆ ದೇಹತೂಕದ ಶೇ 1ರಿಂದ 2ರಷ್ಟು ಇಳಿಕೆ ಸಾಕು. 5 ಕೆ.ಜಿ. ಇರಬೇಕಾದ ನಾಯಿ ಆರೂವರೆ ಕೆ.ಜಿ. ಆಗಿದ್ದರೆ ವಾರಕ್ಕೆ 65ರಿಂದ 130 ಗ್ರಾಂ. ಅಂದರೆ ಸರಿಯಾದ ತೂಕಕ್ಕೆ ಬರಲು ಮೂರರಿಂದ ಆರು ತಿಂಗಳು ಬೇಕು. ಇಷ್ಟು ಸೂಕ್ಷ್ಮ ಬದಲಾವಣೆಯನ್ನು ಮನೆಯ ತೂಕದ ಯಂತ್ರ ಸರಿಯಾಗಿ ತೋರಿಸದು. ಹದಿನೈದು ದಿನಕ್ಕೊಮ್ಮೆ ಚಿಕಿತ್ಸಾಲಯದಲ್ಲಿ ತೂಗಿಸುವುದು ಒಳ್ಳೆಯದು.

ಉಪವಾಸ ಹಾಕುವುದು ಪರಿಹಾರವಲ್ಲ. ಅತಿ ಸಣ್ಣ ತಳಿಗಳಲ್ಲಿ, ವಿಶೇಷವಾಗಿ ಮರಿಗಳಲ್ಲಿ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಮೊಸರನ್ನ, ಚಪಾತಿಯನ್ನೇ ನಂಬಿದ ನಾಯಿಗೆ ಅದನ್ನೇ ಅರ್ಧಕ್ಕಿಳಿಸಿದರೆ ಮೊದಲೇ ಕಡಿಮೆಯಿರುವ ಪ್ರೋಟೀನ್ ಮತ್ತೂ ಕಡಿಮೆಯಾಗಿ ಬೊಜ್ಜಿನ ಬದಲು ಸ್ನಾಯು ಕರಗುತ್ತದೆ. ಪ್ರೋಟೀನ್ ಉಳಿಸಿ ಶಕ್ತಿಯನ್ನು ತಗ್ಗಿಸುವ ಆಹಾರ ಯಾವುದೆಂದು ವೈದ್ಯರೇ ಸೂಚಿಸಬೇಕು. ಬೆಳಿಗ್ಗೆ, ಸಂಜೆಯ ತಂಪಿನಲ್ಲಿ ನಡಿಗೆ ಇರಲಿ. ಆದರೆ ನಡಿಗೆಯೊಂದರಿಂದಲೇ ಬಿಸ್ಕತ್ತಿನ ಲೆಕ್ಕ ತೀರದು.

ಮನೆಮಂದಿಯೆಲ್ಲ ಪಾಲಿಸಬಹುದಾದ ಸುಲಭ ಉಪಾಯವೊಂದಿದೆ. ಪ್ರತಿದಿನ ಬೆಳಿಗ್ಗೆ ನಾಯಿಯ ಆ ದಿನದ ತಿನಿಸನ್ನು ಅಳೆದು ಒಂದು ಡಬ್ಬಿಗೆ ಹಾಕಿಡುವುದು. ಅಜ್ಜಿಯೇ ಕೊಡಲಿ, ಶಾಲೆಯಿಂದ ಬಂದ ಮಗುವೇ ಕೊಡಲಿ, ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಬರಿದಾದರೆ ಅಂದಿನ ತಿನಿಸು ಮುಗಿಯಿತು. ಆಮೇಲೂ ಆ ಎರಡು ಕಣ್ಣುಗಳು ಬೇಡಿದರೆ ಚೆಂಡು ಎಸೆದು ಆಡಿಸಬಹುದು, ತಲೆ ನೇವರಿಸಬಹುದು. ನಾಯಿ ಎಷ್ಟೋ ಬಾರಿ ಕೇಳುವುದು ತಿಂಡಿಯನ್ನಲ್ಲ, ಮನೆಯವರ ಗಮನವನ್ನು. ಅದಕ್ಕೆ ಕ್ಯಾಲೊರಿಯ ಮಿತಿಯಿಲ್ಲ.