ಹಡಗು ಒಂದೇ, ಗಡಿ ಹಲವು

ಕ್ರೂಸ್ ಜಾಹೀರಾತುಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಸೂಟ್‌ಕೇಸ್ ಒಮ್ಮೆ ಬಿಚ್ಚಿದರೆ ಸಾಕು, ಊರುಗಳೇ ನಿಮ್ಮ ಬಳಿ ಬರುತ್ತವೆ. ಮಾತು ನಿಜವೇ. ಆದರೆ ಆ ಊರುಗಳ ಜೊತೆ ಅಲ್ಲಿನ ಇಮಿಗ್ರೇಷನ್‌ನವರೂ ಬರುತ್ತಾರೆ ಎನ್ನುವುದನ್ನು ಜಾಹೀರಾತು ಹೇಳುವುದಿಲ್ಲ. ಊಟ ಸೇರಿದೆ, ನಾಟಕ ಸೇರಿದೆ, ಈಜುಕೊಳ ಸೇರಿದೆ. ವೀಸಾ ಮಾತ್ರ ನಿಮ್ಮ ತಲೆನೋವು.

2024ರ ಅಕ್ಟೋಬರ್‌ನಲ್ಲಿ ನಾವು ನಾಲ್ವರು ಗ್ರೀಸ್ ಮತ್ತು ಟರ್ಕಿ ಕಡೆಯ ಏಳು ರಾತ್ರಿಗಳ ಕ್ರೂಸ್‌ಗೆ ಹೋಗಿದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ದಾವಣಗೆರೆಯಿಂದ ಬಂದ ಅಮ್ಮ. ಮರಳಿದ ಮೇಲೆ ಪುಣೆಯ ನಮ್ಮ ಕನ್ನಡಿಗರ ಬಳಗದಲ್ಲಿ ಎಲ್ಲರೂ ಕೇಳಿದ್ದು ಸಾಂಟೊರಿನಿಯ ಬಗ್ಗೆಯಲ್ಲ, ವೀಸಾ ಬಗ್ಗೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ವಿಮಾನದಲ್ಲಿ ಹೋಗುವಾಗ ನಾವು ದಿನ ಎಣಿಸುತ್ತೇವೆ: ಹತ್ತು ದಿನದ ಪ್ರವಾಸ, ಹತ್ತು ದಿನದ ವೀಸಾ. ಕ್ರೂಸ್‌ನಲ್ಲಿ ಎಣಿಸಬೇಕಾದದ್ದು ದಿನವನ್ನಷ್ಟೇ ಅಲ್ಲ, ಒಳಗೆ ಹೋಗುವ ಸಲವನ್ನು. ನಮ್ಮ ಹಡಗು ಅಥೆನ್ಸ್ ಪಕ್ಕದ ಪಿರಾಯಸ್ ಬಂದರಿನಿಂದ ಹೊರಟು ಟರ್ಕಿಯ ಕುಶಾದಸಿಗೆ ಹೋಗಿ, ಅಲ್ಲಿಂದ ಮತ್ತೆ ಗ್ರೀಸಿನ ರೋಡ್ಸ್ ದ್ವೀಪಕ್ಕೆ ಬರುತ್ತದೆ. ಗ್ರೀಸ್ ಷೆಂಗೆನ್ ಒಕ್ಕೂಟದಲ್ಲಿದೆ, ಟರ್ಕಿ ಇಲ್ಲ. ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಮೊದಲ ಪ್ರವೇಶ. ಕುಶಾದಸಿ ನೋಡಿ ರೋಡ್ಸ್‌ಗೆ ಬಂದದ್ದು ಎರಡನೆಯದು. ಮಧ್ಯೆ ನಾವು ಷೆಂಗೆನ್‌ನಿಂದ ಹೊರಗಿದ್ದದ್ದು ಒಂದೇ ದಿನ. ಅದೂ ಅದೇ ಕ್ಯಾಬಿನ್, ಅದೇ ಹಾಸಿಗೆ. ಆದರೂ ಪಾಸ್‌ಪೋರ್ಟಿನ ಲೆಕ್ಕದಲ್ಲಿ ನಾವು ದೇಶ ಬಿಟ್ಟು ಮರಳಿದವರು. ಒಂದೇ ಪ್ರವೇಶದ ವೀಸಾ ಇದ್ದರೆ ರೋಡ್ಸ್‌ನಲ್ಲಿ ಅದು ಮುಗಿದುಹೋದ ವೀಸಾ.

ಷೆಂಗೆನ್ ಅರ್ಜಿಯಲ್ಲಿ ಎಷ್ಟು ಪ್ರವೇಶ ಬೇಕೆಂದು ಕೇಳುವ ಒಂದು ಸಣ್ಣ ಅಂಕಣವಿದೆ: ಒಂದು, ಎರಡು ಅಥವಾ ಹಲವು. ನಮ್ಮ ಅರ್ಜಿಗಳನ್ನು ತುಂಬಿಕೊಟ್ಟ ಟ್ರಾವೆಲ್ ಏಜೆಂಟ್ ನಾಲ್ಕರಲ್ಲೂ 'ಸಿಂಗಲ್' ಎಂದು ಗುರುತು ಹಾಕಿದ್ದರು. ಯುರೋಪಿನ ಬಸ್ ಪ್ರವಾಸದವರ ಅರ್ಜಿ ತುಂಬಿ ತುಂಬಿ ಕೈಗೆ ಬಂದ ಅಭ್ಯಾಸ ಇರಬೇಕು. ಹಿಂದಿನ ರಾತ್ರಿ ಕಾಗದಗಳನ್ನು ಸಾಲಾಗಿ ಜೋಡಿಸುವಾಗ ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ಅಮ್ಮನ ಅರ್ಜಿ ಅಷ್ಟರಲ್ಲಿ ಕೊರಿಯರ್‌ನಲ್ಲಿ ದಾವಣಗೆರೆ ಸೇರಿತ್ತು. ತಂಗಿ ಅಲ್ಲಿಯೇ ಹೊಸ ಪ್ರತಿ ಮುದ್ರಿಸಿ, ಸಹಿ ಹಾಕಿಸಿ, ರಾತ್ರಿ ಬಸ್ಸಿಗೆ ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದಳು.

ಬೆಂಗಳೂರು ಯಾಕೆಂದರೆ, ಅರ್ಜಿದಾರರು ವಾಸಿಸುವ ಜಾಗದ ಮೇಲೆ ಅದು ಯಾವ ಕಚೇರಿಗೆ ಸೇರಬೇಕೆಂದು ತೀರ್ಮಾನವಾಗುತ್ತದೆ. ಹೊರನಾಡಿನಲ್ಲಿ ಇರುವ ನಮ್ಮಂಥವರ ಮನೆಗಳಲ್ಲಿ ಇದೊಂದು ತೊಡಕು. ನಾವು ಮುಂಬೈನಲ್ಲಿ, ಅಮ್ಮ ಬೆಂಗಳೂರಿನಲ್ಲಿ. ಒಂದೇ ಕುಟುಂಬ, ಒಂದೇ ಹಡಗು, ಎರಡು ಕಡತ. ಹಾಗಾಗಿ ಎರಡೂ ಕಡೆ ಎಲ್ಲ ಕಾಗದಗಳ ಪೂರ್ತಿ ಪ್ರತಿ ಇಟ್ಟೆವು: ಹಡಗಿನ ಬುಕಿಂಗ್, ಯಾವ ದಿನ ಎಷ್ಟು ಗಂಟೆಗೆ ಯಾವ ಬಂದರು ಎಂಬ ಪಟ್ಟಿ, ಅಮ್ಮನ ಖರ್ಚು ಮಗನದು ಎಂಬ ಪತ್ರ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್. ಜೊತೆಗೆ ಕೊಡುವ ಪತ್ರದಲ್ಲಿ ಒಂದು ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆವು: ಹಡಗು ಇಂಥ ದಿನ ಷೆಂಗೆನ್ ಗಡಿ ಬಿಟ್ಟು ಇಂಥ ದಿನ ರೋಡ್ಸ್‌ನಲ್ಲಿ ಮತ್ತೆ ಒಳಬರುತ್ತದೆ, ಆದ್ದರಿಂದ ಕನಿಷ್ಠ ಎರಡು ಪ್ರವೇಶ ಬೇಕು. ಅರ್ಜಿ ನೋಡುವವರಿಗೆ ನಕ್ಷೆ ತೆಗೆದು ಹುಡುಕುವ ಕೆಲಸ ಉಳಿಸಬಾರದು.

ಅಮ್ಮ ಈ ಗಡಿಬಿಡಿ ನೋಡಿ ಫೋನಿನಲ್ಲಿ ಕೇಳಿದ್ದು: "ಅಲ್ಲಪ್ಪ, ನಾನು ಟರ್ಕಿಯಲ್ಲಿ ಇಳಿಯೋದೇ ಇಲ್ಲ. ಹಡಗಲ್ಲೇ ಕೂತಿರ್ತೀನಿ. ಆಗ ಆ ವೀಸಾ ನನಗ್ಯಾಕೆ?"

ತುಂಬ ಜನ ಕೇಳುವ ಪ್ರಶ್ನೆ ಇದು. ಟರ್ಕಿ ತನ್ನ ಮಟ್ಟಿಗೆ ಕ್ರೂಸ್ ಪ್ರಯಾಣಿಕರ ವಿಷಯದಲ್ಲಿ ಸ್ವಲ್ಪ ಸಡಿಲ. ಆದರೆ ಹಡಗಿನ ಕಂಪನಿಗಳು ಸಡಿಲ ಅಲ್ಲ. ಹಡಗು ಬಂದರಿಗೆ ಬಂದಾಗ ಒಳಗಿರುವ ಎಲ್ಲರ ಹೆಸರಿನ ಪಟ್ಟಿ ಆ ದೇಶದವರ ಕೈಗೆ ಹೋಗುತ್ತದೆ, ಇಳಿಯುವವರದ್ದು ಮಾತ್ರ ಅಲ್ಲ. ಕಾಗದ ಸರಿಯಿಲ್ಲದವರನ್ನು ಕರೆತಂದರೆ ಹಡಗಿಗೇ ದಂಡ ಬೀಳಬಹುದು. ಇನ್ನೊಂದು, ಯಾರಿಗಾದರೂ ಎದೆನೋವು ಬಂದರೆ ಹತ್ತಿರದ ಬಂದರಿನಲ್ಲಿ ಇಳಿಸಲೇಬೇಕು. ಆಗ ಆಸ್ಪತ್ರೆಯ ಬಾಗಿಲಲ್ಲಿ 'ನಾನು ಇಳಿಯುವವನಲ್ಲ' ಎನ್ನಲಾಗದು. ಆದ್ದರಿಂದಲೇ ಕಂಪನಿಗಳು ದಾರಿಯ ಪ್ರತಿ ದೇಶದ ಕಾಗದವನ್ನೂ ಹತ್ತುವ ಮೊದಲೇ ಕೇಳುತ್ತವೆ. ಕಾಗದದ ಹೊಣೆ ಪ್ರಯಾಣಿಕರದು, ಇಲ್ಲದಿದ್ದರೆ ಹತ್ತಿಸುವುದಿಲ್ಲ, ಹಣ ಮರಳುವುದಿಲ್ಲ ಎಂದು ಟಿಕೆಟ್ಟಿನ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆ ಪುಟ ಓದಿ.

ಪಿರಾಯಸ್‌ನಲ್ಲಿ ಇದನ್ನು ಕಣ್ಣಾರೆ ಕಂಡೆವು. ಚೆಕ್‌ಇನ್ ಕೌಂಟರಿನ ಹುಡುಗಿ ವೀಸಾ ಸ್ಟಿಕರಿನಲ್ಲಿ ದಿನಾಂಕಕ್ಕಿಂತ ಮೊದಲು ನೋಡಿದ್ದು ಪ್ರವೇಶಗಳ ಸಂಖ್ಯೆ. ನಮಗಿಂತ ಮುಂದಿದ್ದ ವಯಸ್ಸಾದ ಭಾರತೀಯ ದಂಪತಿಯ ಪಾಸ್‌ಪೋರ್ಟ್ ತಿರುವಿ, ಅವರನ್ನು ಪಕ್ಕಕ್ಕೆ ನಿಲ್ಲಿಸಿದಳು. ಒಂದೇ ಪ್ರವೇಶದ ವೀಸಾ. ಆ ಅಜ್ಜಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು, ಅವರ ಯಜಮಾನರು ಫೋನಿನಲ್ಲಿ ಯಾರ ಜೊತೆಗೋ ಏರುದನಿಯಲ್ಲಿ ಮಾತಾಡುತ್ತಲೇ ಇದ್ದರು. ಮುಂದೆ ಏನಾಯಿತೋ. ಏಳು ದಿನವೂ ಊಟದ ಹಾಲ್‌ನಲ್ಲಿ ಅಮ್ಮ ಅವರನ್ನು ಹುಡುಕಿದಳು, ಕಾಣಲಿಲ್ಲ.

ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎನ್ನುವುದು ಮುಂದಿನ ಗೊಂದಲ. ನಿಯಮ ಸರಳ: ಷೆಂಗೆನ್ ದೇಶಗಳಲ್ಲಿ ಹೆಚ್ಚು ದಿನ ಎಲ್ಲಿರುತ್ತೀರೋ ಅಲ್ಲಿಗೆ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಬಾರ್ಸಿಲೋನಾ, ಮಾರ್ಸೇ, ಜಿನೋವಾ ಎಂದು ದಿನಕ್ಕೊಂದು ಬಂದರು ಮುಟ್ಟುವ ಕ್ರೂಸ್ ಆದರೆ, ಹತ್ತುವ ಮೊದಲು ಬಾರ್ಸಿಲೋನಾದಲ್ಲಿ ಎರಡು ರಾತ್ರಿ ಉಳಿದರೆ ಲೆಕ್ಕ ಸ್ಪೇನ್ ಕಡೆ ವಾಲುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಕೊಡಬಹುದು. ತೀರ್ಮಾನಕ್ಕೆ 15 ದಿನ ಎನ್ನುತ್ತಾರೆ, ಅದು 45 ದಿನದವರೆಗೂ ಎಳೆಯಬಹುದು. ಬೇಸಿಗೆ ರಜೆಯ ಮೊದಲು ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಹನ್ನೆರಡರೊಳಗಿನವರಿಗೆ ಬೆರಳಚ್ಚು ಬೇಡ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬರೀ ಷೆಂಗೆನ್ ವಿಮೆ ಕೊಂಡರೆ ಕುಶಾದಸಿಯ ದಿನ ಬರಿಗೈ, ಹಾಗಾಗಿ ಟರ್ಕಿಯನ್ನೂ ಒಳಗೊಂಡ ವಿಮೆ ಕೊಳ್ಳಿ.

ಟರ್ಕಿಯ ಇ-ವೀಸಾ ಭಾರತೀಯರಿಗೆ ಸಿಗುವುದು ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಮಾತ್ರ. ಹಾಗಾಗಿ ಮೊದಲು ಷೆಂಗೆನ್, ಅದು ಕೈಗೆ ಬಂದ ಮೇಲೆ ಟರ್ಕಿ. ಅಮ್ಮನಿಗೂ ಅದನ್ನೇ ತೆಗೆಸಿದೆವು. ಕಡೆಗೆ ಅವಳು ಹಡಗಲ್ಲಿ ಕೂರಲೂ ಇಲ್ಲ, ಎಫೆಸಸ್‌ನ ಕಲ್ಲುಹಾಸಿನ ಮೇಲೆ ಮೊಮ್ಮಗಳಿಗಿಂತ ಮುಂದೆ ನಡೆದಳು.

ಬೇರೆ ದಾರಿಗಳಲ್ಲೂ ಇದೇ ಆಟ, ಬೇರೆ ಬೇರೆ ವೇಷದಲ್ಲಿ. ಏಡ್ರಿಯಾಟಿಕ್ ಕಡಲಿನ ಕ್ರೂಸ್‌ಗಳಲ್ಲಿ ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗೆ, ಪಕ್ಕದ ಮಾಂಟೆನೆಗ್ರೊ ಹೊರಗೆ. ಕೋಟೋರ್ ಬಂದರು ಪಟ್ಟಿಯಲ್ಲಿದ್ದರೆ ಎರಡನೇ ಪ್ರವೇಶ ಬೇಕೇ ಬೇಕು. ಅಲಾಸ್ಕಾ ನೋಡಲು ಸಿಯಾಟಲ್‌ನಿಂದ ಹತ್ತುವವರಿಗೆ ಇನ್ನೊಂದು ವಿಚಿತ್ರ ಕಾದಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸುತ್ತಿಸಬಾರದು, ಮಧ್ಯೆ ಒಂದು ವಿದೇಶಿ ಬಂದರನ್ನಾದರೂ ಮುಟ್ಟಬೇಕು ಎಂದು 1886ರ ಕಾಯಿದೆಯೊಂದಿದೆ. ಅದಕ್ಕಾಗಿ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಆ ಕೆಲವು ಗಂಟೆಗಳಿಗಾಗಿ ಭಾರತೀಯ ಪಾಸ್‌ಪೋರ್ಟಿನವರು ಕೆನಡಾದ ವೀಸಾಕ್ಕೂ ಓಡಾಡಬೇಕು. ನೂರಮೂವತ್ತು ವರ್ಷ ದಾಟಿದ ಕಾಯಿದೆ, ಪರದಾಟ ನಮ್ಮದು.

ಮೊದಲ ಸಲ ಹೋಗುವವರಿಗೆ ನನ್ನ ಮತ ಸಿಂಗಪುರದ ಕಡೆಗೆ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಕೇಳುತ್ತಿಲ್ಲ, ಮೂರು ದಿನದೊಳಗೆ ಡಿಜಿಟಲ್ ಆಗಮನ ಪತ್ರ ತುಂಬಿದರಾಯಿತು. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಅಂಥದ್ದೇ ಪತ್ರ ತಂದಿದೆ. ಸಿಂಗಪುರಕ್ಕೆ ವೀಸಾ ಬೇಕು, ಮತ್ತು ಪೆನಾಂಗ್‌ನಿಂದ ಹಡಗು ಸಿಂಗಪುರಕ್ಕೇ ಮರಳುವುದರಿಂದ ಅದು ಹಲವು ಪ್ರವೇಶದ್ದೇ ಆಗಿರಬೇಕು. ಆಗಮನ ಪತ್ರವನ್ನು ಹಿಂದಿರುಗುವಾಗ ಮತ್ತೊಮ್ಮೆ ತುಂಬುವುದನ್ನು ಹಲವರು ಮರೆಯುತ್ತಾರೆ. ಅದನ್ನು ಹಡಗಿನ ದುಬಾರಿ ವೈಫೈನಲ್ಲಿ ಮಾಡುವ ಬದಲು ಬಂದರಿನಲ್ಲಿ ಇಳಿದಾಗ ಮಾಡಿ. ಈ ನಿಯಮಗಳೆಲ್ಲ ಬದಲಾಗುವಂಥವು. ಬುಕ್ ಮಾಡುವ ದಿನ ಆಯಾ ಸರ್ಕಾರದ ಸ್ವಂತ ಜಾಲತಾಣ ನೋಡಿ, ಏಜೆಂಟರ ವಾಟ್ಸಾಪ್ ಸಂದೇಶವನ್ನಲ್ಲ.

ಕೊನೆಗೆ ಹೆಸರಿನ ವಿಷಯ. ಇದು ವಿಶೇಷವಾಗಿ ನಮ್ಮವರ ಸಮಸ್ಯೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಹಡಗಿನ ಬುಕಿಂಗ್ ಪುಟ ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗಲೇ ಇಲ್ಲ. ಅಪ್ಪನ ಹೆಸರು ಹಾಕೋಣ ಎಂದಳು ಹೆಂಡತಿ. ಟಿಕೆಟ್ಟಿನ ಹೆಸರು, ಪಾಸ್‌ಪೋರ್ಟಿನ ಹೆಸರು ಬೇರೆಯಾದರೆ ಅದೂ ತೊಂದರೆಯೇ. ಕಂಪನಿಗೆ ಇಮೇಲ್ ಬರೆದಾಗ ಎರಡೂ ಜಾಗದಲ್ಲಿ ಅದೇ ಪದ ಹಾಕಿ ಎಂದು ಉತ್ತರ ಬಂತು. ಆ ಇಮೇಲನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆಯೇ ಇಟ್ಟೆವು, ಪಿರಾಯಸ್‌ನಲ್ಲಿ ಕೇಳಿದರು, ತೋರಿಸಿದೆವು.

ಈಗ ಅಮ್ಮನಿಗೆ ದುಬೈನಿಂದ ಹೊರಡುವ ಕ್ರೂಸ್‌ನ ಆಸೆ ಹತ್ತಿದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟನ್ನು ಪ್ರವಾಸಿ ವೀಸಾಕ್ಕೆ ಒಪ್ಪುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತ್ತು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂಬ ಸ್ಪಷ್ಟನೆ ಆಮೇಲೆ ಬಂತು. ಆ ಭರವಸೆಯ ಮೇಲೆ ಅಷ್ಟು ದುಡ್ಡು ಕಟ್ಟುವುದಕ್ಕಿಂತ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕುವುದೇ ಒಳ್ಳೆಯದು ಎಂದು ನಾನು. ಅಪ್ಪನ ಹೆಸರೋ, ತವರಿನ ಊರಿನ ಹೆಸರೋ ಎಂದು ಅಮ್ಮ ಇನ್ನೂ ತೀರ್ಮಾನಿಸಿಲ್ಲ.