ಜ್ವರ ಶುರುವಾದದ್ದು ಯಾವತ್ತು?

ಮುಂಗಾರು ಹಿಡಿದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಚೀಟಿ ಮಾಡಿಸುವ ಸಾಲಿನಲ್ಲಿ ಜ್ವರದವರೇ ಹೆಚ್ಚು. ಮೈ ಸುಡುವ ಜ್ವರ, ಕಣ್ಣಗುಡ್ಡೆಯ ಹಿಂದೆ ನೋವು, ಗೆಣ್ಣು ಗೆಣ್ಣಿನಲ್ಲೂ ಸಂಕಟ. ‘ಡೆಂಗಿ ಐತೇನೋ ನೋಡ್ರಿ ಸಾರ್’ ಎಂದು ಕೇಳುವವರಿಗೆ, ಸ್ವಲ್ಪ ರಕ್ತ ಕೊಟ್ಟರೆ ಹೌದು ಅಥವಾ ಅಲ್ಲ ಎಂಬ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ. ಆದರೆ ಆ ರಕ್ತವನ್ನು ಜ್ವರದ ಎಷ್ಟನೇ ದಿನ ತೆಗೆದರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಎರಡನೇ ದಿನ ಡೆಂಗಿಯನ್ನು ಹಿಡಿಯುವ ಪರೀಕ್ಷೆ ಏಳನೇ ದಿನ ಅದೇ ರೋಗಿಯಲ್ಲಿ ಸೋಲಬಹುದು. ಏಳನೇ ದಿನ ಹಿಡಿಯುವ ಇನ್ನೊಂದು ಪರೀಕ್ಷೆಗೆ ಎರಡನೇ ದಿನ ಏನೂ ಕಾಣುವುದಿಲ್ಲ. ರೋಗಿ ನೆನಪಿಟ್ಟು ಹೇಳುವ ಆ ಒಂದು ತಾರೀಕು ಪ್ರಯೋಗಾಲಯದ ಯಂತ್ರದಷ್ಟೇ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳದು ಒಂದೇ ಬಗೆಯ ನೆಲವಲ್ಲ. ಚನ್ನಗಿರಿ ಸೂಳೆಕೆರೆ ಇರುವ ಅಡಿಕೆ ಸೀಮೆ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ ಶಿವಮೊಗ್ಗದ ಮಗ್ಗುಲಲ್ಲಿದೆ. ಜಗಳೂರು ಮಾತ್ರ ಬರ ಕಂಡ ಬಯಲುಸೀಮೆ. ನೀರಿದ್ದಲ್ಲಿ ಸೊಳ್ಳೆ, ಒಣನೆಲದಲ್ಲಿ ಇಲ್ಲ ಎಂಬ ಲೆಕ್ಕ ಡೆಂಗಿಗೆ ಹೊಂದುವುದಿಲ್ಲ. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಚೆಗಿಂತ ನಿಂತ ತಿಳಿನೀರೇ ಇಷ್ಟ. ನಲ್ಲಿಯಲ್ಲಿ ದಿನವೂ ನೀರು ಬಾರದ ಊರಲ್ಲಿ ಜನ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ಹಿಡಿದಿಡುತ್ತಾರೆ. ಈಡಿಸ್ ಈಜಿಪ್ಟಿ ಅಲ್ಲಿ ಮೊಟ್ಟೆ ಇಡುತ್ತದೆ. ತೋಟದಲ್ಲಿ ಉದುರಿದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಂತರೆ ಈಡಿಸ್ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಜಾತಿಗೆ ಅಷ್ಟೇ ಸಾಕು. ನೀರು ಬತ್ತಿದರೂ ಈ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹೀಗೆ ನೀರಿನ ಬರವೂ ನೀರಿನ ಸಮೃದ್ಧಿಯೂ ಒಂದೇ ಜ್ವರಕ್ಕೆ ದಾರಿ ಮಾಡಿಕೊಡುತ್ತವೆ.

ಸೋಂಕಿತ ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಏರುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ವೈರಸ್ ಹೊಕ್ಕ ಜೀವಕೋಶಗಳು ಎನ್‌ಎಸ್‌1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಇದನ್ನು ಹುಡುಕುವುದೇ ಎನ್‌ಎಸ್‌1 ಪರೀಕ್ಷೆ. ಜ್ವರದ ಮೊದಲ ದಿನದಿಂದ ಐದನೇ ದಿನದವರೆಗೆ ಇದಕ್ಕೆ ಒಳ್ಳೆಯ ಕಾಲ. ಕೋವಿಡ್ ದಿನಗಳಲ್ಲಿ ಎಲ್ಲರ ಬಾಯಿಗೆ ಬಂದ ಆರ್‌ಟಿ-ಪಿಸಿಆರ್ ಕೂಡ ಇದೇ ಅವಧಿಯಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು ಹಿಡಿಯುತ್ತದೆ. ಡೆಂಗಿಯ ನಾಲ್ಕು ಬಗೆಗಳಲ್ಲಿ ಯಾವುದು ಬಂದಿದೆ ಎಂದೂ ಅದು ತಿಳಿಸಬಲ್ಲದು. ಆದರೆ ಪ್ರತಿ ಜ್ವರಕ್ಕೂ ಅದನ್ನು ಮಾಡುವ ಅನುಕೂಲ ತಾಲ್ಲೂಕು ಮಟ್ಟದಲ್ಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ ನಮ್ಮ ದೇಹ ವೈರಸ್ಸಿನ ವಿರುದ್ಧ ಐಜಿಎಂ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುತ್ತವೆ. ಅವನ್ನು ಹುಡುಕುವ ಪರೀಕ್ಷೆಗೆ ಮ್ಯಾಕ್ ಎಲಿಸಾ ಎಂದು ಹೆಸರು. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ಬೇಕಾದ ಕಿಟ್ಟನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತಯಾರಿಸಿ ಕೊಡುತ್ತದೆ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಅದು. ಗುಳಿಯ ತಳಕ್ಕೆ ಮೊದಲೇ ಅಂಟಿಸಿದ ಅಣುಗಳು ರೋಗಿಯ ರಕ್ತಸಾರದಲ್ಲಿರುವ ಐಜಿಎಂಗಳನ್ನೆಲ್ಲ ಹಿಡಿದು ನಿಲ್ಲಿಸುತ್ತವೆ. ಆಮೇಲೆ ಡೆಂಗಿ ವೈರಸ್ಸಿನ ಪ್ರತಿಜನಕವನ್ನು ಹಾಕುತ್ತಾರೆ. ಡೆಂಗಿಗೆಂದೇ ಹುಟ್ಟಿದ ಐಜಿಎಂ ಇದ್ದರೆ ಮಾತ್ರ ಅದು ಅಲ್ಲಿ ಅಂಟುತ್ತದೆ. ಇಲ್ಲದಿದ್ದರೆ ತೊಳೆದಾಗ ಕೊಚ್ಚಿಹೋಗುತ್ತದೆ. ಅಂಟಿಕೊಂಡದ್ದನ್ನು ಕಿಣ್ವದ ಗುರುತು ಹೊತ್ತ ಇನ್ನೊಂದು ಪ್ರತಿಕಾಯದಿಂದ ಪತ್ತೆಮಾಡಿ, ಬಣ್ಣ ಬರಿಸುವ ದ್ರವ ಬಿಟ್ಟರೆ ಗುಳಿ ನೀಲಿಯಾಗುತ್ತದೆ. ಆಮ್ಲ ಹಾಕಿ ಕ್ರಿಯೆ ನಿಲ್ಲಿಸಿದೊಡನೆ ಅದೇ ಹಳದಿಗೆ ತಿರುಗುತ್ತದೆ. ಆ ಹಳದಿ ಎಷ್ಟು ಗಾಢ ಎಂದು ಯಂತ್ರ ಅಳೆದು ಸಂಖ್ಯೆ ಕೊಡುತ್ತದೆ. ಮಾದರಿ ಕೈಸೇರಿದ ಮೇಲೆ ಇದಕ್ಕೆಲ್ಲ ಅರ್ಧ ದಿನ ಬೇಕು.

ಮಾದರಿ ಕೈಸೇರುವುದೇ ಇಲ್ಲಿ ದೊಡ್ಡ ಮಾತು. ಎಲಿಸಾದಂಥ ಪರೀಕ್ಷೆ ಜಿಲ್ಲಾ ಮಟ್ಟದ ಪ್ರಯೋಗಾಲಯದ ಕೆಲಸ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದ ರಕ್ತದಿಂದ ಸಾರ ಬೇರ್ಪಡಿಸಿ, ತಣ್ಣಗಿಟ್ಟು, ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕು. ತಟ್ಟೆಯ ಗುಳಿಗಳು ಬಹಳಷ್ಟು ಖಾಲಿ ಉಳಿದರೆ ಕಿಟ್ ವ್ಯರ್ಥ ಎಂದು ಮಾದರಿಗಳು ಕೂಡುವವರೆಗೆ ಕಾಯುವುದೂ ಉಂಟು. ಪ್ರಯೋಗಾಲಯದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನ್ಯಾಮತಿಯ ಮೂಲೆಯ ಹಳ್ಳಿಯಲ್ಲಿ ಮಲಗಿರುವ ಮಗುವಿನ ವರದಿ ಬರುವ ಹೊತ್ತಿಗೆ ಅದರ ಕಾಯಿಲೆಯ ಗಂಡಾಂತರದ ಘಟ್ಟ ಮುಗಿದಿರಬಹುದು. ಆದ್ದರಿಂದ ವೈದ್ಯರು ವರದಿಗೆ ಕಾಯದೆ ಲಕ್ಷಣ ನೋಡಿ ಚಿಕಿತ್ಸೆ ಶುರುಮಾಡುತ್ತಾರೆ. ಅದು ಸರಿಯಾದ ಕ್ರಮವೇ.

ಈ ಕಾಯುವಿಕೆಯನ್ನು ತಪ್ಪಿಸಲು ಬಂದದ್ದು ಎನ್‌ಎಸ್‌1, ಐಜಿಎಂಗಳನ್ನೇ ಹುಡುಕುವ ಕಾರ್ಡ್ ಪರೀಕ್ಷೆ. ಹನಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಗೆರೆ ಮೂಡುತ್ತದೆ. ಅವಸರಕ್ಕೆ ಒದಗುತ್ತದೆ, ನಿಜ. ಆದರೆ ತಯಾರಕರಿಂದ ತಯಾರಕರಿಗೆ ಗುಣಮಟ್ಟ ಬದಲಾಗುವುದರಿಂದ ಸರ್ಕಾರದ ಲೆಕ್ಕದಲ್ಲಿ ಕಾರ್ಡಿನ ಗೆರೆ ಕೇವಲ ‘ಡೆಂಗಿ ಇರಬಹುದು’ ಎಂಬ ಸೂಚನೆ. ಖಚಿತಗೊಳ್ಳುವುದು ಎಲಿಸಾದಿಂದ ಅಥವಾ ಪಿಸಿಆರ್‌ನಿಂದ. ಗೆರೆ ಮೂಡದಿದ್ದರೆ ಡೆಂಗಿ ಇಲ್ಲವೆಂದು ನಿಶ್ಚಿಂತರಾಗುವುದು ಇನ್ನೂ ಅಪಾಯ. ಒಮ್ಮೆ ಡೆಂಗಿ ಬಂದುಹೋದವರಿಗೆ ಬೇರೊಂದು ಬಗೆಯ ಡೆಂಗಿ ತಗುಲಿದರೆ, ಹಳೆಯ ಸೋಂಕಿನ ಪ್ರತಿಕಾಯಗಳು ಎನ್‌ಎಸ್‌1 ಪ್ರೋಟೀನನ್ನು ಬೇಗನೆ ಮುತ್ತಿಕೊಂಡು ಪರೀಕ್ಷೆಗೆ ಸಿಗದಂತೆ ಮಾಡುತ್ತವೆ. ಅಂಥವರಲ್ಲಿ ಐಜಿಎಂ ಕೂಡ ಕಡಿಮೆ ಏರುತ್ತದೆ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಮಾತ್ರ ಬೇಗ ನೆಗೆಯುತ್ತದೆ. ಡೆಂಗಿ ವಿಕೋಪಕ್ಕೆ ಹೋಗುವ ಸಂಭವ ಹೆಚ್ಚಿರುವುದೂ ಈ ಎರಡನೇ ಸೋಂಕಿನಲ್ಲೇ. ಎಲ್ಲರಿಗಿಂತ ಹೆಚ್ಚು ಎಚ್ಚರ ಬೇಕಾದ ರೋಗಿಯ ಕಾರ್ಡೇ ಖಾಲಿ ಉಳಿಯಬಹುದು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಹಳ್ಳಿಯ ರೋಗಿಯ ದಾರಿಯನ್ನು ಊಹಿಸಿಕೊಳ್ಳಿ. ಸೋಮವಾರ ಜ್ವರ. ಎರಡು ದಿನ ಮೆಡಿಕಲ್ ಶಾಪಿನ ಗುಳಿಗೆ. ಬುಧವಾರ ಊರಲ್ಲೇ ಸೂಜಿಮದ್ದು. ಗುರುವಾರ ಕೂಲಿ ತಪ್ಪಿಸಲಾಗದೆ ಕೆಲಸ. ಶುಕ್ರವಾರ ಸಂಜೆ ಕೈಲಾಗದೆ ತಾಲ್ಲೂಕು ಆಸ್ಪತ್ರೆ. ಅಂದರೆ ಐದನೇ ದಿನ; ಎನ್‌ಎಸ್‌1 ಇಳಿಯುತ್ತಿರುವ, ಐಜಿಎಂ ಇನ್ನೂ ಏರುತ್ತಿರುವ ಸಂಧಿಕಾಲ. ಇಲ್ಲಿ ಒಂದೇ ಪರೀಕ್ಷೆ ಮಾಡಿಸಿದರೆ ಸಾಲದು, ಎರಡನ್ನೂ ಒಟ್ಟಿಗೆ ಮಾಡಬೇಕು. ಆಗಲೂ ಸಿಗದೆ ಅನುಮಾನ ಉಳಿದರೆ ಕೆಲವು ದಿನ ಬಿಟ್ಟು ಎರಡನೇ ಸಲ ರಕ್ತ ತೆಗೆಯಬೇಕು. ‘ಮೂರ್‍ನಾಲ್ಕು ದಿನ ಆಯ್ತು’ ಎಂಬ ಅಂದಾಜಿನ ಮಾತು ಇಂಥ ಕಡೆ ದಾರಿ ತಪ್ಪಿಸುತ್ತದೆ.

ಇನ್ನು ಚಿಕೂನ್‌ಗುನ್ಯಾ. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ದಾಖಲಾದರು. ಬಾಗಿದವರು ನೆಟ್ಟಗಾಗದೆ ಊರಿಗೆ ಊರೇ ಮಲಗಿದ ಆ ವರ್ಷವನ್ನು ಹಿರಿಯರು ಇನ್ನೂ ಮರೆತಿಲ್ಲ. ಅದರಲ್ಲಿ ಜ್ವರ ಥಟ್ಟನೆ ಏರಿ, ಕೈಬೆರಳು, ಮಣಿಕಟ್ಟು, ಕಣಕಾಲಿನ ಕೀಲುಗಳು ಎರಡೂ ಪಕ್ಕದಲ್ಲಿ ಊದಿ ಬಿಗಿಯುತ್ತವೆ. ಜ್ವರ ಬಿಟ್ಟ ಮೇಲೂ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಚನ್ನಗಿರಿ ಕಡೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳಿಗೆ ಬೆರಳು ಮಡಚಲಾಗದಿದ್ದರೆ ಆ ಹಂಗಾಮಿನ ದುಡಿಮೆಯೇ ಹೋಯಿತು. ಚಿಕೂನ್‌ಗುನ್ಯಾಕ್ಕೆ ಎನ್‌ಎಸ್‌1ನಂಥ ಪರೀಕ್ಷೆ ಬಳಕೆಯಲ್ಲಿಲ್ಲ. ಮೊದಲ ವಾರದಲ್ಲಿ ಪಿಸಿಆರ್, ಆಮೇಲೆ ಐಜಿಎಂ ಎಲಿಸಾ.

ಡೆಂಗಿ, ಚಿಕೂನ್‌ಗುನ್ಯಾ ಎರಡಕ್ಕೂ ನೇರ ಔಷಧವಿಲ್ಲದ ಮೇಲೆ ಯಾವುದೆಂದು ಹುಡುಕಿ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಮಾಡುವುದಿದೆ. ಕೀಲುನೋವು ತಾಳಲಾರದೆ ರೋಗಿ ಬೇಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವು ನಿವಾರಕಗಳು, ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿಯಾಗಬಲ್ಲವು. ಆದ್ದರಿಂದ ಡೆಂಗಿ ಅಲ್ಲವೆಂದು ಗೊತ್ತಾಗುವ ತನಕ ಪ್ಯಾರಾಸಿಟಮಾಲ್ ಒಂದೇ ಗತಿ. ಊರಲ್ಲಿ ಕೊಡುವ ‘ನೋವಿನ ಇಂಜೆಕ್ಷನ್’ ಯಾವುದೆಂದು ಕೇಳದೆ ಚುಚ್ಚಿಸಿಕೊಳ್ಳಬಾರದು.

ಡೆಂಗಿಯನ್ನು ಹೋಲುವ ಬೇರೆ ಕಾಯಿಲೆಗಳೂ ಗೊಂದಲ ಹುಟ್ಟಿಸುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯದು ಡೆಂಗಿಯ ಕುಟುಂಬದ್ದೇ ವೈರಸ್. ಆದರೆ ಹರಡುವುದು ಉಣ್ಣೆಯಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಒಂದೇ ಕುಟುಂಬದ ವೈರಸ್ಸುಗಳ ಪ್ರತಿಕಾಯಗಳು ಒಂದರ ಪರೀಕ್ಷೆಯಲ್ಲಿ ಇನ್ನೊಂದರಂತೆ ತೋರಿ ಮೋಸ ಮಾಡುವುದುಂಟು. ಹೊನ್ನಾಳಿ, ನ್ಯಾಮತಿಯಿಂದ ಮಲೆನಾಡಿಗೆ ಕೂಲಿಗೆ ಹೋಗಿಬಂದವರು ಅದನ್ನು ವೈದ್ಯರಿಗೆ ಹೇಳಲೇಬೇಕು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಗುವೊಂದರಲ್ಲಿ ಖಚಿತವಾದ ಝೀಕಾ ಕೂಡ ಇದೇ ಕುಟುಂಬದ್ದು. ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾಗಳು ವೈರಸ್ಸಿನವಲ್ಲ. ಅವಕ್ಕೆ ನಿಶ್ಚಿತ ಔಷಧವಿದೆ. ಎಲ್ಲವನ್ನೂ ಡೆಂಗಿ ಎಂದುಕೊಂಡರೆ ಗುಣವಾಗಬಹುದಾದ ಕಾಯಿಲೆ ಕೈಮೀರುತ್ತದೆ.

ಪ್ಲೇಟ್‌ಲೆಟ್ ಬಗ್ಗೆ ನಮ್ಮ ಜನರಿಗಿರುವ ಭಯ ಬೇರೆ ಯಾವುದರ ಬಗ್ಗೆಯೂ ಇಲ್ಲ. ಸಂಖ್ಯೆ ಕುಸಿದೊಡನೆ ಪಪ್ಪಾಯಿ ಎಲೆಯ ರಸ ಹುಡುಕುತ್ತಾರೆ. ಆದರೆ ಡೆಂಗಿಯಲ್ಲಿ ಜೀವಕ್ಕೆ ಎರವಾಗುವುದು ಬಹುಪಾಲು ಪ್ಲೇಟ್‌ಲೆಟ್ ಕೊರತೆಯಲ್ಲ; ರಕ್ತನಾಳಗಳಿಂದ ದ್ರವ ಹೊರಸೋರಿ ರಕ್ತ ಗಟ್ಟಿಯಾಗುವುದು, ರಕ್ತದೊತ್ತಡ ಬೀಳುವುದು. ಅದನ್ನು ತೋರಿಸುವ ಅಂಕಿ ಹಿಮಟೋಕ್ರಿಟ್. ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲಿ ಪಿಸಿವಿ ಎಂದು ಬರೆದಿರುತ್ತಾರೆ. ಪ್ಲೇಟ್‌ಲೆಟ್ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ಅದು ಎಚ್ಚರಿಕೆ. ಇದು ನಡೆಯುವುದು ಜ್ವರದ ಮೂರರಿಂದ ಏಳನೇ ದಿನದೊಳಗೆ, ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ‘ಮೈ ತಣ್ಣಗಾಯ್ತು’ ಎಂದು ಮನೆಯವರು ನಿಟ್ಟುಸಿರು ಬಿಡುವಾಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಕಾರ್ಡು ಏನೇ ಹೇಳಿರಲಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಇಲ್ಲೂ ಜ್ವರ ಶುರುವಾದ ದಿನ ಗೊತ್ತಿದ್ದರೆ ಗಂಡಾಂತರ ಯಾವಾಗ ಬರಬಹುದೆಂದು ಮೊದಲೇ ಎಣಿಸಬಹುದು.

2024ರಲ್ಲಿ ರಾಜ್ಯದಲ್ಲಿ ಡೆಂಗಿ ಉಲ್ಬಣಿಸಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದಕ್ಕೂ ಮೊದಲು ಜುಲೈನಲ್ಲಿ ಖಾಸಗಿ ಪ್ರಯೋಗಾಲಯಗಳಿಗೆ ದರ ನಿಗದಿಯಾಯಿತು: ಎನ್‌ಎಸ್‌1 ಎಲಿಸಾಕ್ಕೆ 300 ರೂಪಾಯಿ, ಐಜಿಎಂ ಎಲಿಸಾಕ್ಕೆ 300, ಕಾರ್ಡ್ ಪರೀಕ್ಷೆಗೆ 250. ಒಳ್ಳೆಯ ಕ್ರಮ. ಆದರೆ ದಿನಗೂಲಿಯವರಿಗೆ ಅದೂ ಹಗುರವಲ್ಲ, ತಪ್ಪು ದಿನ ಮಾಡಿಸಿದ ಪರೀಕ್ಷೆಗೆ ಕೊಟ್ಟ ಹಣ ಪೂರ್ತಿ ನಷ್ಟ. ಪರೀಕ್ಷೆ ರೋಗಿಯೊಬ್ಬರಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ಡೆಂಗಿ ಖಚಿತವಾದರೆ ಆ ಮನೆಯ ಸುತ್ತ ಲಾರ್ವಾ ಸಮೀಕ್ಷೆ ನಡೆಯುತ್ತದೆ, ತೊಟ್ಟಿಗಳನ್ನು ಬರಿದು ಮಾಡಿಸುತ್ತಾರೆ. ಪತ್ತೆಯಾಗದ ರೋಗಿಯ ಓಣಿಗೆ ಯಾರೂ ಬರುವುದಿಲ್ಲ.

ಜ್ವರ ಬಂದ ದಿನವೇ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಸ್ಪತ್ರೆಯ ಚೀಟಿಯ ಮೇಲೆ ಆ ತಾರೀಕನ್ನು ಬರೆಸಿ, ಹಿಂದೆ ಡೆಂಗಿ ಬಂದಿತ್ತೇ ಎಂಬುದನ್ನೂ ಸೇರಿಸಿ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಮೊದಲು ಅದನ್ನೇ ಹೇಳಿ. ರಕ್ತ ತೆಗೆಯುವವರು ದಿನ ಕೇಳದೆ ಹೋದರೆ, ನೀವಾಗಿಯೇ ಹೇಳಿ.