ಪ್ರತಿ ತೆಗೆದರೆ ಉಳಿಯುವ ಭಂಡಾರ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಭದ್ರವಾಗಿದ್ದವು. ದರ್ಶನ ಪಡೆದವರು ಅನೇಕರು, ಓದಿದವರು ವಿರಳ. ಪ್ರತಿಗಳು ಸಿದ್ಧವಾಗಿ, 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದ ಮೇಲಷ್ಟೇ ಅವು ವಿದ್ವಾಂಸರೆಲ್ಲರ ಕೈಸೇರತೊಡಗಿದವು.

ಇಂದು ಬಂಟ್ವಾಳ, ಬೆಳ್ತಂಗಡಿಯ ವಿದ್ಯಾರ್ಥಿಗಳು ಪಠ್ಯಕ್ರಮಕ್ಕಾಗಿ ಕೊಣಾಜೆಯ ಬಸ್ಸು ಹತ್ತಬೇಕಿಲ್ಲ. ವಿಶ್ವವಿದ್ಯಾನಿಲಯದ ಭಂಡಾರವೆಂದರೆ ಅದರ ಜಾಲತಾಣವೇ. ಆ ಪುಟಗಳನ್ನು ಜೋಡಿಸುವ ತಂತ್ರಾಂಶ ಒಂದೇ ಕಂಪೆನಿಯ ಸೊತ್ತಾಗಿದ್ದರೆ, ಗುತ್ತಿಗೆ ಮುಗಿದ ದಿನ ಮಾಹಿತಿಯನ್ನು ಹೊರತೆಗೆಯುವುದೇ ಕಷ್ಟವಾಗಬಹುದು. ಡ್ರುಪಲ್ (2001), ವರ್ಡ್‌ಪ್ರೆಸ್ (2003) ಮುಂತಾದ ಮುಕ್ತ ತಂತ್ರಾಂಶಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ತಿದ್ದಬಹುದು, ಪರವಾನಗಿ ಶುಲ್ಕವಿಲ್ಲದೆ ಪ್ರತಿ ಮಾಡಿಕೊಳ್ಳಬಹುದು.

ಈ ದಾರಿ ಕನ್ನಡಕ್ಕೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಬರಹಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅವು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದಿಂದ ನಡೆಯುವ ಕನ್ನಡ ವಿಕಿಸೋರ್ಸ್ ತಾಣವನ್ನು ಸೇರಿದವು. 2016ರಲ್ಲಿ ತುಳು ವಿಕಿಪೀಡಿಯ ಆರಂಭವಾದದ್ದೂ ಇದೇ ತಂತ್ರಾಂಶದ ಮೇಲೆ.

ಆದರೆ ಶುಲ್ಕವಿಲ್ಲವೆಂದರೆ ಖರ್ಚೇ ಇಲ್ಲವೆಂದಲ್ಲ. ಸರ್ವರ್, ಕಾಲಕಾಲಕ್ಕೆ ಸುರಕ್ಷತೆಯ ಪರಿಷ್ಕರಣೆ, ಕೆಲಸ ಬಲ್ಲ ಸಿಬ್ಬಂದಿ ಬೇಕೇ ಬೇಕು. ತಾಳೆಗರಿಗೂ ಆಗಾಗ ಎಣ್ಣೆ ಸವರುವ ಕೈಗಳು ಬೇಕಿದ್ದವಲ್ಲವೇ?